ಡೇವಿಡ್ಸನ್ ಕಾಲೇಜಿನ ಸ್ಟೆಫನ್ ಕರ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಆರಾದರೆ ನಮ್ಮ ಬಡಾವಣೆಯ ಸಿಮೆಂಟ್ ಕೋರ್ಟಿನಲ್ಲಿ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಅಲ್ಲಿ ಅರ್ಧಕ್ಕರ್ಧ ಹುಡುಗರ ಬೆನ್ನ ಮೇಲೆ 30 ಅನ್ನೋ ನಂಬರ್. ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕರ್ರಿ ಎಲ್ಲರಿಗೂ ಗೊತ್ತು. ನಾಲ್ಕು ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಪಟ್ಟ, ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ, ಎಲ್ಲ ಬಾಯಿಪಾಠ. ಆದರೆ ಅದಕ್ಕೂ ಮುಂಚೆ, 2006ರಿಂದ 2009ರವರೆಗೆ, ಅವನು ಒಂದು ಪುಟ್ಟ ಕಾಲೇಜಿಗೆ ಆಡಿದ ಮೂರು ವರ್ಷದ ಬಗ್ಗೆ ಅರ್ಧಂಬರ್ಧ ಕಥೆಗಳೇ ಜಾಸ್ತಿ. ಹುಡುಗರು, ಅವರ ಅಪ್ಪ ಅಮ್ಮ, ಬೆಂಚಿನ ಮೇಲೆ ಕೂತು ನೋಡುವ ಹಿರಿಯರು, ಮೆಸೇಜು ಕಳಿಸುವವರು ತಿರುಗಿ ತಿರುಗಿ ಕೇಳಿದ್ದನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಇದು ಕಾಲೇಜು ಹುಡುಗನ ಕಥೆ, ಹಾಗಾಗಿ ‘ಅವನು’ ಅಂತಲೇ ಬರೆಯುತ್ತೇನೆ.

ಮೊದಲು ಸುಲಭದ್ದು

“ಗಾರ್ಡ್ ಅಂದ್ರೆ ಬರೀ ಕಾವಲು ಕಾಯೋನಾ ಸಾರ್?”

ಹೆಸರು ಕೇಳಿದರೆ ಹಾಗೇ ಅನ್ನಿಸುತ್ತದೆ. ಕೋರ್ಟಿನಲ್ಲಿ ಒಂದು ತಂಡದ ಐದು ಜನ ಇರುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬ ಸೆಂಟರ್. ತಂಡದಲ್ಲಿ ಕುಳ್ಳಗೆ ಇರುವವರೇ ಬಹುಪಾಲು ಗಾರ್ಡ್ ಆಗುತ್ತಾರೆ, ಚೆಂಡು ಹೆಚ್ಚು ಹೊತ್ತು ಇವರ ಕೈಯಲ್ಲೇ ಇರುತ್ತದೆ. ಪಾಯಿಂಟ್ ಗಾರ್ಡ್ ಚೆಂಡನ್ನು ಆ ಕಡೆಯಿಂದ ಈ ಕಡೆಗೆ ತಂದು ಯಾರಿಗೆ ಕೊಡಬೇಕು ಅಂತ ನಿರ್ಧರಿಸುತ್ತಾನೆ. ಶೂಟಿಂಗ್ ಗಾರ್ಡ್ ಹೆಸರಿಗೆ ತಕ್ಕ ಹಾಗೆ ದೂರದಿಂದ ಶಾಟ್ ಹೊಡೆಯುತ್ತಾನೆ. ಕರ್ರಿ ಕಾಲೇಜಿನಲ್ಲಿ ಮೊದಲ ಎರಡು ವರ್ಷ ಶೂಟಿಂಗ್ ಗಾರ್ಡ್, ಮೂರನೇ ವರ್ಷ ಪಾಯಿಂಟ್ ಗಾರ್ಡ್. ಈ ಬದಲಾವಣೆ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

“ಸ್ಟೀಫನ್ನೋ ಸ್ಟೆಫನ್ನೋ?”

ಸ್ಟೆಫನ್. ಪೂರ್ತಿ ಹೆಸರು ವಾರ್ಡೆಲ್ ಸ್ಟೆಫನ್ ಕರ್ರಿ. ಅಪ್ಪನದೂ ಅದೇ ಹೆಸರು, ಹಾಗಾಗಿ ಅಪ್ಪ ‘ಡೆಲ್’ ಆದರು, ಮಗ ‘ಸ್ಟೆಫ್’ ಆದ.

“ನಮ್ಮಲ್ಲಿ ಇಂಟರ್ ಕಾಲೇಜ್ ಮ್ಯಾಚ್‌ಗೆ ಹತ್ತು ಜನ ಬರಲ್ಲ. ಅಲ್ಲಿ ಯಾಕೆ ಅಷ್ಟು ಹುಚ್ಚು?”

ಅಲ್ಲಿ ತುಂಬಾ ಊರುಗಳಿಗೆ ಎನ್‌ಬಿಎ ತಂಡ ಇಲ್ಲ. ಕಾಲೇಜು ತಂಡವೇ ಊರಿನ ತಂಡ. ಅಜ್ಜ ಓದಿದ ಕಾಲೇಜು, ಅಮ್ಮ ಓದಿದ ಕಾಲೇಜು ಅಂತ ಮನೆಮಂದಿಯೆಲ್ಲ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಕೂರುತ್ತಾರೆ. ಎನ್‌ಸಿಎಎ ಅನ್ನುವ ಸಂಸ್ಥೆ ಇದನ್ನು ನಡೆಸುತ್ತದೆ. ಅದರ ಮೊದಲ ದರ್ಜೆಯಲ್ಲೇ 300ಕ್ಕೂ ಹೆಚ್ಚು ಕಾಲೇಜುಗಳಿವೆ. ಮಾರ್ಚ್ ತಿಂಗಳಲ್ಲಿ ಅವುಗಳಲ್ಲಿ ಆಯ್ದ ತಂಡಗಳ ನಾಕೌಟ್ ಪಂದ್ಯಾವಳಿ. 2008ರಲ್ಲಿ 65 ತಂಡ ಇದ್ದವು, ಈಗ 68. ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು. ಎಲ್ಲೋ ಒಂದು ಮೂಲೆಯ ಕಾಲೇಜು ದೊಡ್ಡ ಯೂನಿವರ್ಸಿಟಿಯನ್ನು ಒಂದು ರಾತ್ರಿ ಕೆಡವಬಹುದು ಅನ್ನೋದೇ ಅದರ ಮಜಾ.

“ಡೇವಿಡ್ಸನ್ ಅನ್ನೋ ಕಾಲೇಜು ಎಲ್ಲಿದೆ? ನಾವು ಕೇಳೇ ಇಲ್ವಲ್ಲ?”

ನಾರ್ತ್ ಕೆರೊಲೈನಾ ರಾಜ್ಯದ ಶಾರ್ಲೆಟ್ ನಗರದಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್. ಊರಿನ ಹೆಸರೂ ಡೇವಿಡ್ಸನ್. ಕಾಲೇಜು ಶುರುವಾಗಿದ್ದು 1837ರಲ್ಲಿ. ಕರ್ರಿ ಓದುವಾಗ ಸುಮಾರು 1,700 ವಿದ್ಯಾರ್ಥಿಗಳಿದ್ದರು. ಬೆಂಗಳೂರಿನ ಒಂದು ದೊಡ್ಡ ಪಿಯು ಕಾಲೇಜಿನಲ್ಲೇ ಇದಕ್ಕಿಂತ ಜಾಸ್ತಿ ಮಕ್ಕಳಿರುತ್ತಾರೆ. ಓದಿಗೆ ಹೆಸರಾದ ಜಾಗ, ಬ್ಯಾಸ್ಕೆಟ್‌ಬಾಲ್‌ಗೆ ಅಷ್ಟಕ್ಕಷ್ಟೆ. 1969ರ ನಂತರ ಮಾರ್ಚ್ ಪಂದ್ಯಾವಳಿಯಲ್ಲಿ ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ.

“ಅಪ್ಪಾನೇ ಎನ್‌ಬಿಎ ಆಟಗಾರ. ಯಾರೂ ಕರೀಲಿಲ್ಲ ಅನ್ನೋದು ಸುಮ್ನೆ ಕಟ್ಟುಕಥೆ ಅಲ್ವಾ?”

ಅರ್ಧ ನಿಜ, ಅರ್ಧ ಉಪ್ಪುಖಾರ. ಅಪ್ಪ ಡೆಲ್ ಕರ್ರಿ ಶಾರ್ಲೆಟ್ ಹಾರ್ನೆಟ್ಸ್‌ಗೆ ಹತ್ತು ವರ್ಷ ಆಡಿದವರು, ದೂರದ ಶಾಟ್‌ಗೆ ಹೆಸರಾದವರು. ಅಮ್ಮ ಸೋನ್ಯಾ ವರ್ಜೀನಿಯಾ ಟೆಕ್‌ನಲ್ಲಿ ವಾಲಿಬಾಲ್ ಆಡಿದವರು. ಮಗನಿಗೆ ಚೆಂಡು, ಕೋರ್ಟು, ಒಳ್ಳೆ ಕಲಿಕೆ ಯಾವುದಕ್ಕೂ ಕೊರತೆ ಇರಲಿಲ್ಲ. ಬಡತನದಿಂದ ಬಂದ ಹುಡುಗನ ಕಥೆ ಇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ದೊಡ್ಡ ಕಾಲೇಜುಗಳು ಕರೆಯಲಿಲ್ಲ ಅನ್ನೋದು ನಿಜ. ಸ್ಕೂಲು ಮುಗಿಸುವಾಗ ಅವನು ಆರಡಿ ಆಸುಪಾಸಿನ ಕಡ್ಡಿ ಪೈಲ್ವಾನ. ಅಪ್ಪ ಅಮ್ಮ ಇಬ್ಬರೂ ಓದಿದ ವರ್ಜೀನಿಯಾ ಟೆಕ್ ಕೂಡ ಸ್ಕಾಲರ್‌ಶಿಪ್ ಕೊಡಲಿಲ್ಲ. ಬೇಕಾದರೆ ಸ್ವಂತ ಖರ್ಚಿನಲ್ಲಿ ಬಂದು ತಂಡದ ಜೊತೆ ಇರು ಅಂದಿತು. ಡೇವಿಡ್ಸನ್ ಕೋಚ್ ಬಾಬ್ ಮೆಕಿಲಪ್ ಅವರಿಗೆ ಮಾತ್ರ ಹುಡುಗ ಚಿಕ್ಕಂದಿನಿಂದ ಗೊತ್ತಿದ್ದ. ಅವರ ಮಗನ ಜೊತೆ ಬೇಸ್‌ಬಾಲ್ ಆಡಿದವನು. ಲಾಸ್ ವೇಗಸ್‌ನ ಒಂದು ಪಂದ್ಯದಲ್ಲಿ ಕರ್ರಿ ತೀರಾ ಕೆಟ್ಟದಾಗಿ ಆಡಿದ್ದನ್ನು ಮೆಕಿಲಪ್ ಕೂತು ನೋಡಿದರು. ಹುಡುಗ ಅಂಪೈರ್ ಮೇಲೆ ರೇಗಲಿಲ್ಲ, ಜೊತೆಯವರನ್ನು ಬೈಯಲಿಲ್ಲ, ಬೆಂಚಿಗೆ ಬಂದ ಮೇಲೂ ಉಳಿದವರಿಗೆ ಚಪ್ಪಾಳೆ ತಟ್ಟುತ್ತಾ ಕೂತಿದ್ದ. ಅವತ್ತೇ ಇವನು ಬೇಕು ಅಂತ ಕೋಚ್ ತೀರ್ಮಾನ ಮಾಡಿದರಂತೆ. ಕೆಟ್ಟ ದಿನ ನೋಡಿ ಆಯ್ಕೆ ಮಾಡುವ ಕೋಚ್ ಎಲ್ಲಿ ಸಿಗುತ್ತಾರೆ ಹೇಳಿ.

“ಆ ಶಾಟ್ ಹುಟ್ಟಿನಿಂದಲೇ ಬಂದಿದ್ದಾ?”

ಇಲ್ಲ, ಅತ್ತು ಕಲಿತದ್ದು. ಸ್ಕೂಲಿನಲ್ಲಿ ಅವನು ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದ. ಮೈಯಲ್ಲಿ ಬಲ ಸಾಲದ ಹುಡುಗರೆಲ್ಲ ಹಾಗೇ ಎಸೆಯುವುದು. ಚೆಂಡು ಒಳಗೆ ಬೀಳುತ್ತಿತ್ತು, ಅದು ಬೇರೆ ಮಾತು. ಆದರೆ ಮುಂದೆ ಎತ್ತರದ ಹುಡುಗರ ಎದುರು ಇದು ನಡೆಯಲ್ಲ, ಸುಲಭವಾಗಿ ತಡೆಯುತ್ತಾರೆ ಅಂತ ಅಪ್ಪನಿಗೆ ಗೊತ್ತಿತ್ತು. ಹಾಗಾಗಿ ಒಂದು ಬೇಸಿಗೆ ರಜೆಯಲ್ಲಿ ಮನೆ ಹಿಂದಿನ ಕೋರ್ಟಿನಲ್ಲಿ ಶಾಟನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಚೆಂಡು ಹಣೆಯ ಮೇಲಿಂದ ಹೊರಡಬೇಕು.

ಮೊದಲ ಕೆಲವು ವಾರ ರಿಂಗಿನ ಹತ್ತಿರದ ಬಣ್ಣದ ಚೌಕದಿಂದ ಆಚೆ ನಿಂತರೆ ಚೆಂಡು ರಿಂಗಿಗೆ ಮುಟ್ಟುತ್ತಲೇ ಇರಲಿಲ್ಲ. ಮೊನ್ನೆಯವರೆಗೆ ಕಣ್ಣು ಮುಚ್ಚಿ ಹಾಕುತ್ತಿದ್ದವನಿಗೆ ಈಗ ಹತ್ತಿರದಿಂದಲೂ ಬೀಳಲ್ಲ. ಹುಡುಗ ಅತ್ತ. ನೋಡುತ್ತಾ ನಿಂತ ತಮ್ಮ ಸೆತ್‌ಗೂ ಸಂಕಟ. ಸುಮಾರು ಮೂರು ತಿಂಗಳು ಹೀಗೇ ನಡೆಯಿತು. ಇವತ್ತು ನಾವು ನೋಡುವ ಶಾಟ್ ಆ ಬೇಸಿಗೆಯದ್ದು.

ಇನ್ನು ಡೇವಿಡ್ಸನ್‌ನ ಮೂರು ವರ್ಷ

“ಮೊದಲ ಮ್ಯಾಚೇ ಹಾಳು ಮಾಡ್ಕೊಂಡಿದ್ನಂತೆ, ಹೌದಾ?”

ಹೌದು. ನನ್ನ ಪ್ರಕಾರ ಈ ಮೂರು ವರ್ಷದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎರಡು ದಿನ ಇವೇ. 2006ರ ನವೆಂಬರ್, ಈಸ್ಟರ್ನ್ ಮಿಶಿಗನ್ ಎದುರು ಮೊದಲ ಪಂದ್ಯ. ಕರ್ರಿ 15 ಪಾಯಿಂಟ್ ಹೊಡೆದ, ಸರಿ. ಆದರೆ 13 ಟರ್ನೋವರ್. ಅಂದರೆ 13 ಸಲ ಚೆಂಡನ್ನು ಎದುರಾಳಿಗೆ ದಾನ ಮಾಡಿದ. ಒಬ್ಬ ಗಾರ್ಡ್ ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಕಳೆದುಕೊಂಡರೇ ಕೋಚ್ ಮುಖ ಗಂಟಾಗುತ್ತದೆ. ಡೇವಿಡ್ಸನ್ ಹೇಗೋ ಹಿಂದಿನಿಂದ ಬಂದು 81-77ರಲ್ಲಿ ಗೆದ್ದಿತು.

ಮಾರನೇ ದಿನವೇ ಮಿಶಿಗನ್ ಯೂನಿವರ್ಸಿಟಿ ಎದುರು ಪಂದ್ಯ. ದೊಡ್ಡ ತಂಡ, ಅವರದೇ ಊರು. 18 ವರ್ಷದ ಹುಡುಗನನ್ನು ಬೆಂಚಿನಲ್ಲಿ ಕೂರಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಮೆಕಿಲಪ್ ಅವನನ್ನೇ ಮತ್ತೆ ಮೊದಲ ಐವರಲ್ಲಿ ಇಳಿಸಿದರು. ಕರ್ರಿ 32 ಪಾಯಿಂಟ್ ಹೊಡೆದ. ತಂಡ ಸೋತಿತು, ಆದರೆ ಆಮೇಲೆ ಆ ಜಾಗದ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ. ದೊಡ್ಡ ಕಾಲೇಜಿಗೆ ಸೇರಿದ್ದರೆ? ಅಲ್ಲಿ ಬೆಂಚಿನ ಮೇಲೆ ಅದೇ ಜಾಗಕ್ಕೆ ಇನ್ನೂ ಮೂರು ಜನ ಕಾಯುತ್ತಿರುತ್ತಾರೆ. 13 ಸಲ ಚೆಂಡು ಕಳೆದವನಿಗೆ ಮಾರನೇ ದಿನ ಆಟ ಸಿಗುವುದು ಕಷ್ಟ. ಇದಕ್ಕೇ ನಾನು ಡೇವಿಡ್ಸನ್ ಅವನಿಗೆ ಸಿಕ್ಕ ಅದೃಷ್ಟ ಅನ್ನುವುದು.

ಆ ವರ್ಷ ಸರಾಸರಿ 21.5 ಪಾಯಿಂಟ್. ದೇಶದ ಮೊದಲ ವರ್ಷದ ಹುಡುಗರಲ್ಲಿ ಅವನಿಗಿಂತ ಮುಂದಿದ್ದವನು, ಆಮೇಲೆ ಎನ್‌ಬಿಎ ತಾರೆಯಾದ ಕೆವಿನ್ ಡುರಾಂಟ್ ಒಬ್ಬನೇ.

“2008ರ ಮಾರ್ಚ್‌ನಲ್ಲಿ ನಿಜವಾಗಿ ಏನಾಯ್ತು? ಎಲ್ಲರೂ ಅದನ್ನೇ ಹೇಳ್ತಾರೆ.”

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಆ ಸೀಸನ್ನಿನ ಆರಂಭ ಚೆನ್ನಾಗಿರಲಿಲ್ಲ. ನಾರ್ತ್ ಕೆರೊಲೈನಾ, ಡ್ಯೂಕ್, ಯುಸಿಎಲ್‌ಎ ಅಂಥ ಘಟಾನುಘಟಿಗಳ ಜೊತೆ ಬೇಕಂತಲೇ ಪಂದ್ಯ ಹಾಕಿಕೊಂಡು ಎಲ್ಲದರಲ್ಲೂ ಸೋತರು. ಹತ್ತು ಪಂದ್ಯದಲ್ಲಿ ನಾಲ್ಕೇ ಗೆಲುವು. ಆದರೆ ನಾರ್ತ್ ಕೆರೊಲೈನಾ ಎದುರಿನ ಸೋಲು ನಾಲ್ಕೇ ಪಾಯಿಂಟಿನದು, ಡ್ಯೂಕ್ ಎದುರು ಆರೇ. ಪೆಟ್ಟು ತಿಂದು ಗಟ್ಟಿಯಾದರು. ತಮ್ಮ ಸದರ್ನ್ ಕಾನ್ಫರೆನ್ಸಿನ (ಕೆಲವು ಕಾಲೇಜುಗಳು ಸೇರಿದ ಲೀಗ್) 20 ಪಂದ್ಯವನ್ನೂ ಗೆದ್ದು ಮಾರ್ಚ್‌ಗೆ ಬಂದರು. ಅವರ ಗುಂಪಿನ 16 ತಂಡಗಳಲ್ಲಿ ಕೊಟ್ಟಿದ್ದು ಹತ್ತನೇ ಶ್ರೇಯಾಂಕ.

ಮಾರ್ಚ್ 21, ರಾಲಿ ನಗರ, ಎದುರಾಳಿ ಗೊಂಜಾಗಾ. ಡೇವಿಡ್ಸನ್ ಒಂದು ಹಂತದಲ್ಲಿ 11 ಪಾಯಿಂಟ್ ಹಿಂದೆ. ಕರ್ರಿ ಹೊಡೆದಿದ್ದು 40, ಅದರಲ್ಲಿ 30 ಎರಡನೇ ಅರ್ಧದಲ್ಲಿ. ಹತ್ತು ಥ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಪ್ರಯತ್ನಿಸಿದ, ಎಂಟು ಬಿದ್ದವು. ಕೊನೆಯ ನಿಮಿಷದ ಹೊಸ್ತಿಲಲ್ಲಿ ಜೊತೆಗಾರನ ಶಾಟ್ ತಪ್ಪಿತು. ಆಂಡ್ರೂ ಲವ್‌ಡೇಲ್ ಆ ಚೆಂಡನ್ನು ಗುಂಪಿನ ನಡುವಿಂದ ಕಿತ್ತು ಹೊರಗೆ ಕರ್ರಿಗೆ ಎಸೆದ. ಥ್ರೀ! 77-74. ಎಲ್ಲರೂ ಆ ಶಾಟ್ ನೆನಪಿಟ್ಟುಕೊಂಡಿದ್ದಾರೆ, ಲವ್‌ಡೇಲ್‌ನ ರಿಬೌಂಡ್ ಮಾತ್ರ ಯಾರಿಗೂ ನೆನಪಿಲ್ಲ. ಪಂದ್ಯ 82-76.

ಎರಡು ದಿನ ಬಿಟ್ಟು ಜಾರ್ಜ್‌ಟೌನ್, ಆ ಗುಂಪಿನ ಎರಡನೇ ಶ್ರೇಯಾಂಕದ ತಂಡ. ಮೊದಲರ್ಧದಲ್ಲಿ ಕರ್ರಿಗೆ ಬರೀ ಐದು ಪಾಯಿಂಟ್. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ತಂಡ 17 ಪಾಯಿಂಟ್ ಹಿಂದೆ. ಅಲ್ಲಿಂದ ಒಬ್ಬನೇ 25 ಹೊಡೆದು 74-70ಕ್ಕೆ ಪಂದ್ಯ ಎಳೆದು ತಂದ.

ಆಮೇಲೆ ಡೆಟ್ರಾಯಿಟ್, ಫೋರ್ಡ್ ಫೀಲ್ಡ್. ಅದು ಅಮೆರಿಕನ್ ಫುಟ್‌ಬಾಲ್ ಮೈದಾನ. ಅದರ ನಡುವೆ ಬ್ಯಾಸ್ಕೆಟ್‌ಬಾಲ್ ಅಂಕಣ ಹಾಕಿದ್ದರು, ಸುತ್ತ 57,000ಕ್ಕೂ ಹೆಚ್ಚು ಜನ. ಡೇವಿಡ್ಸನ್ ಕಾಲೇಜಿನ ಟ್ರಸ್ಟಿಗಳು ವಿದ್ಯಾರ್ಥಿಗಳಿಗೆ ಬಸ್ಸು, ರೂಮು, ಟಿಕೆಟ್ ಎಲ್ಲದರ ಖರ್ಚನ್ನೂ ತಾವೇ ಹಾಕಿ ಕಳಿಸಿಕೊಟ್ಟರು. ನಮ್ಮಲ್ಲಿ ಟೂರ್ನಮೆಂಟ್‌ಗೆ ಹೋಗೋ ತಂಡಕ್ಕೇ ಕೆಎಸ್‌ಆರ್‌ಟಿಸಿ ಟಿಕೆಟ್ ಹಣ ಹುಟ್ಟಲ್ಲ, ಇರಲಿ. ಎದುರಾಳಿ ವಿಸ್ಕಾನ್ಸಿನ್. ಬಿಗಿ ಡಿಫೆನ್ಸ್‌ಗೆ ದೇಶದಲ್ಲೇ ಹೆಸರು. ಅರ್ಧಕ್ಕೆ 36-36 ಸಮ. ಎರಡನೇ ಅರ್ಧದಲ್ಲಿ ವಿಸ್ಕಾನ್ಸಿನ್ ಇಡೀ ತಂಡ ಹೊಡೆದಿದ್ದು 20, ಕರ್ರಿ ಒಬ್ಬನೇ 22. ಕೊನೆಗೆ 73-56, ಅವನ ಲೆಕ್ಕ 33. ಎನ್‌ಬಿಎ ತಾರೆ ಲೆಬ್ರಾನ್ ಜೇಮ್ಸ್ ಬಂದು ಕೂತು ನೋಡಿದ ಪಂದ್ಯ ಅದು.

“ಕ್ಯಾನ್ಸಸ್ ಮ್ಯಾಚಲ್ಲಿ ಕೊನೇ ಶಾಟ್ ತಾನೇ ಯಾಕೆ ಹೊಡೀಲಿಲ್ಲ? ಹೆದರಿದ್ನಾ?”

ಈ ಪ್ರಶ್ನೆಗೆ ನಾನು ಪ್ರತಿ ಸಲ ಸ್ವಲ್ಪ ಬಿಸಿಯಾಗುತ್ತೇನೆ.

ಮಾರ್ಚ್ 30. ಗೆದ್ದರೆ ಕೊನೆಯ ನಾಲ್ಕರ ಘಟ್ಟ. ಕರ್ರಿಯ ಒಂದು ಥ್ರೀಯಿಂದ ಅಂತರ ಎರಡಕ್ಕೆ ಇಳಿದಿತ್ತು, 59-57. ಸುಮಾರು 16 ಸೆಕೆಂಡ್ ಉಳಿದಾಗ ಚೆಂಡು ಡೇವಿಡ್ಸನ್ ಕೈಗೆ ಬಂತು. ಕರ್ರಿ ತಾನೇ ಡ್ರಿಬಲ್ ಮಾಡಿಕೊಂಡು ಬಂದ. ಜೊತೆಯವರು ಸ್ಕ್ರೀನ್ ನಿಂತರು, ಅಂದರೆ ಅವನನ್ನು ಕಾಯುವವರ ದಾರಿಗೆ ಅಡ್ಡ ನಿಂತರು. ಕ್ಯಾನ್ಸಸ್ ಹುಡುಗರು ಬಿಟ್ಟುಕೊಡಲಿಲ್ಲ, ಇಬ್ಬರು ಮೈಮೇಲೆ ಬಿದ್ದರು. ಒಬ್ಬನ ಮೇಲೆ ಇಬ್ಬರು ಬಂದರೆ ಇನ್ನೊಬ್ಬ ಖಾಲಿ ಇದ್ದಾನೆ ಅಂತ ಅರ್ಥ, ಅಲ್ವಾ? ಆ ಖಾಲಿ ಇದ್ದವನು ಜೇಸನ್ ರಿಚರ್ಡ್ಸ್. ಆ ವರ್ಷ ಅಸಿಸ್ಟ್‌ನಲ್ಲಿ, ಅಂದರೆ ಜೊತೆಯವರು ಪಾಯಿಂಟ್ ಹೊಡೆಯುವ ಹಾಗೆ ಪಾಸ್ ಕೊಡುವುದರಲ್ಲಿ, ದೇಶಕ್ಕೇ ಮೊದಲಿಗ. ಅವನ ಕೈಗೆ ಚೆಂಡು ಹೋಯಿತು, ದೂರದಿಂದ ಎಸೆದ, ಬೋರ್ಡಿಗೆ ಬಡಿದು ಆಚೆ ಹೋಯಿತು. ಆ ಕ್ಷಣ ಕ್ಯಾನ್ಸಸ್ ಕೋಚ್ ಬಿಲ್ ಸೆಲ್ಫ್ ಗೆದ್ದ ಖುಷಿಗೆ ಕುಣಿಯಲಿಲ್ಲ, ನೆಲದ ಮೇಲೆ ಮಂಡಿಯೂರಿ ಕುಸಿದರು. ಅಷ್ಟು ಜೀವ ಹೋಗಿತ್ತು ಅವರಿಗೆ.

ಅವತ್ತು ಕರ್ರಿ 25 ಪಾಯಿಂಟ್ ಹೊಡೆದಿದ್ದ, ಆದರೆ 16 ಥ್ರೀ ಪ್ರಯತ್ನದಲ್ಲಿ ಬಿದ್ದಿದ್ದು ನಾಲ್ಕು. ಇಬ್ಬರ ಕೈ ಮೇಲಿಂದ ಎಸೆದು ತಪ್ಪಿಸಿದ್ದರೆ ಇದೇ ಜನ ‘ದುರಾಸೆ’ ಅನ್ನುತ್ತಿದ್ದರು. ಪಾಸ್ ಸರಿಯೇ ಇತ್ತು. ಶಾಟ್ ಬೀಳಲಿಲ್ಲ, ಅಷ್ಟೆ. ಎಂಟು ದಿನ ಬಿಟ್ಟು ಕ್ಯಾನ್ಸಸ್ ಆ ವರ್ಷದ ಚಾಂಪಿಯನ್ ಆಯಿತು.

“ಒಂದು ಮ್ಯಾಚಲ್ಲಿ ಸೊನ್ನೆ ಅಂತೆ, ನಿಜಾನಾ?”

ನಿಜ. 2008ರ ನವೆಂಬರ್ 25, ಮೇರಿಲ್ಯಾಂಡ್‌ನ ಲೊಯೊಲಾ ತಂಡ. ಅವರ ಕೋಚ್ ಜಿಮ್ಮಿ ಪಾಟ್ಸೋಸ್ ಒಂದು ವಿಚಿತ್ರ ಉಪಾಯ ಮಾಡಿದರು. ಚೆಂಡು ಎಲ್ಲೇ ಇರಲಿ, ಇಬ್ಬರು ಕರ್ರಿಗೇ ಅಂಟಿಕೊಂಡಿರಬೇಕು. ಕರ್ರಿ ಏನು ಮಾಡಿದ ಗೊತ್ತಾ? ಸುಮ್ಮನೆ ಹೋಗಿ ಮೂಲೆಯಲ್ಲಿ ನಿಂತ. ಆ ಇಬ್ಬರೂ ಅವನ ಜೊತೆ ಮೂಲೆ ಸೇರಿದರು. ಉಳಿದ ನಾಲ್ವರು ಮೂವರ ಎದುರು ಆರಾಮಾಗಿ ಆಡಿದರು. ಕರ್ರಿಗೆ ಮೂರೇ ಶಾಟ್, ಸೊನ್ನೆ ಪಾಯಿಂಟ್. ಡೇವಿಡ್ಸನ್ ಗೆದ್ದಿದ್ದು 78-48. ವಾರದ ಹಿಂದಷ್ಟೇ ಒಕ್ಲಹೋಮಾ ಎದುರು 44 ಹೊಡೆದಿದ್ದ, ಆ ಪಂದ್ಯ ತಂಡ ಸೋತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಮಾಷೆಯಾಗಿದೆ.

ಆಟ ಗೊತ್ತಿರುವವರು ಕೇಳುವುದು

“ಎರಡನೇ ವರ್ಷದ ಕರ್ರಿ ಮೇಲೋ ಮೂರನೇ ವರ್ಷದ ಕರ್ರಿ ಮೇಲೋ?”

ಅಂಕಿ ನೋಡಿದರೆ ಮೂರನೇ ವರ್ಷ. ಸರಾಸರಿ 28.6, ದೇಶಕ್ಕೇ ಮೊದಲು. ಎರಡನೇ ವರ್ಷ 25.9 ಇತ್ತು. ಆದರೂ ನನ್ನ ವೋಟು ಎರಡನೇ ವರ್ಷಕ್ಕೆ.

ಎರಡನೇ ವರ್ಷ ಚೆಂಡು ತರುವ ಕೆಲಸ ರಿಚರ್ಡ್ಸ್‌ದು. ಕರ್ರಿಗೆ ಓಡೋದೇ ಕೆಲಸ. ಈ ಸ್ಕ್ರೀನ್ ಸುತ್ತಿ, ಆ ಸ್ಕ್ರೀನ್ ಸವರಿಕೊಂಡು, ರಿಂಗಿನ ಕೆಳಗಿಂದ ಆಚೆ ಮೂಲೆಗೆ. ಅವನನ್ನು ಕಾಯುವವನು ಹತ್ತು ನಿಮಿಷಕ್ಕೇ ಏದುಸಿರು ಬಿಡುತ್ತಿದ್ದ. ಥ್ರೀ ಬೀಳುವ ಪ್ರಮಾಣ ಶೇ 44ರ ಹತ್ತಿರ. ರಿಚರ್ಡ್ಸ್ ಓದು ಮುಗಿಸಿ ಹೋದ ಮೇಲೆ ಚೆಂಡು ತರುವುದು, ಪಾಸ್ ಕೊಡುವುದು, ಹೊಡೆಯುವುದು ಎಲ್ಲ ಕರ್ರಿ ತಲೆಗೇ ಬಂತು. ಅಸಿಸ್ಟ್ ಸರಾಸರಿ ಹೆಚ್ಚುಕಡಿಮೆ ದುಪ್ಪಟ್ಟಾಗಿ 5.6 ಆಯಿತು, ಥ್ರೀ ಪ್ರಮಾಣ ಶೇ 39ಕ್ಕೆ ಇಳಿಯಿತು. ಇನ್ನೊಂದು ಕಾರಣವನ್ನು ತುಂಬಾ ಜನ ಮರೆಯುತ್ತಾರೆ. ಅದೇ ವರ್ಷ ಪುರುಷರ ಕಾಲೇಜು ಆಟದಲ್ಲಿ ಥ್ರೀ ಗೆರೆಯನ್ನು ಒಂದು ಅಡಿ ಹಿಂದಕ್ಕೆ ಹಾಕಿದರು, 6.02 ಮೀಟರ್ ಇದ್ದದ್ದು 6.32 ಆಯಿತು.

ಆ ವರ್ಷ ತಂಡ ಕಾನ್ಫರೆನ್ಸ್ ಸೆಮಿಫೈನಲ್‌ನಲ್ಲೇ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ಗೆ ಸೋತಿತು. ದೊಡ್ಡ ಪಂದ್ಯಾವಳಿಯ ಬಾಗಿಲು ತೆರೆಯಲಿಲ್ಲ. ಆದರೆ ಪಾಯಿಂಟ್ ಗಾರ್ಡ್ ಕೆಲಸ ಕಲಿತದ್ದು ಅಲ್ಲೇ. ಎನ್‌ಬಿಎಯಲ್ಲಿ ಅನ್ನ ಹಾಕಿದ್ದು ಆ ವರ್ಷದ ಕಲಿಕೆ.

“ಒಟ್ಟು ಲೆಕ್ಕ ಒಂದೇ ಕಡೆ ಕೊಡಿ.”

104 ಪಂದ್ಯ, 2,635 ಪಾಯಿಂಟ್. ಥ್ರೀಗಳು ಮೊದಲ ವರ್ಷ 122, ಆಮೇಲೆ 162 (ಒಂದು ಸೀಸನ್ನಿನ ದಾಖಲೆ), ಆಮೇಲೆ 130. ಒಟ್ಟು 414.

“162 ಥ್ರೀ ದಾಖಲೆ ಯಾರಾದ್ರೂ ಮುರಿದ್ರಾ?”

ಒಬ್ಬಳು ಹುಡುಗಿ ದಾಟಿದಳು. ಐಯೊವಾ ಯೂನಿವರ್ಸಿಟಿಯ ಗಾರ್ಡ್ ಕೇಟ್ಲಿನ್ ಕ್ಲಾರ್ಕ್ 2023-24ರಲ್ಲಿ 201 ಥ್ರೀ ಹೊಡೆದಳು. ನಾಲ್ಕು ವರ್ಷದಲ್ಲಿ ಅವಳ ಪಾಯಿಂಟ್ 3,951. ನಮ್ಮ ಕೋರ್ಟಿಗೆ ಬರುವ ಹುಡುಗಿಯರು 30ರ ಪಕ್ಕದಲ್ಲಿ ಈಗ 22 ನಂಬರ್ ಹಾಕಿಕೊಂಡು ಬರುವುದು ಅವಳಿಂದಲೇ. ಅಂದಹಾಗೆ ಕರ್ರಿ ಈ ದಾಖಲೆ ಮಾಡಿದ್ದು 1987ರ 158ನ್ನು ದಾಟಿ.

“ಡಿಗ್ರಿ ಮುಗಿಸದೇ ಹೋದ್ನಲ್ಲ, ಮಕ್ಕಳಿಗೆ ಏನು ಹೇಳೋದು?”

ಇದು ಅಮ್ಮಂದಿರ ಪ್ರಶ್ನೆ, ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ. ಹೇಳಿ: ಮುಗಿಸಿದ. 2009ರಲ್ಲಿ ಮೂರು ವರ್ಷಕ್ಕೇ ಎನ್‌ಬಿಎಗೆ ಹೋದ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಆಯ್ಕೆಯಲ್ಲಿ ಏಳನೆಯವನು. ಐದು ಮತ್ತು ಆರನೇ ಸರದಿ ಎರಡೂ ಮಿನೆಸೋಟಾ ತಂಡದ್ದೇ ಇತ್ತು, ಎರಡರಲ್ಲೂ ಬೇರೆ ಗಾರ್ಡ್‌ಗಳನ್ನು ತೆಗೆದುಕೊಂಡರು! ಹೋಗುವಾಗ ಅಮ್ಮನಿಗೂ ಕೋಚ್‌ಗೂ ಓದು ಮುಗಿಸುತ್ತೇನೆ ಅಂತ ಮಾತು ಕೊಟ್ಟಿದ್ದ. 13 ವರ್ಷ ತಡವಾಯಿತು. 2022ರ ಮೇನಲ್ಲಿ ಸಮಾಜಶಾಸ್ತ್ರದಲ್ಲಿ ಬಿ.ಎ. ಸಿಕ್ಕಿತು. ಪದವಿ ಪ್ರದಾನಕ್ಕೆ ಹೋಗಲು ಆಗಲಿಲ್ಲ, ಎನ್‌ಬಿಎ ಪ್ಲೇಆಫ್ ನಡೆಯುತ್ತಿತ್ತು. ಜೂನ್‌ನಲ್ಲಿ ನಾಲ್ಕನೇ ಪಟ್ಟ ಗೆದ್ದ.

ಡೇವಿಡ್ಸನ್‌ನಲ್ಲಿ ಒಂದು ಕಟ್ಟುನಿಟ್ಟು. ಡಿಗ್ರಿ ಆಗದೆ ಯಾರ ಜೆರ್ಸಿಯನ್ನೂ ಗೌರವವಾಗಿ ಮೇಲೆ ತೂಗುಹಾಕುವುದಿಲ್ಲ. ಎರಡು ಸಲ ಎಂವಿಪಿ (ಎನ್‌ಬಿಎಯ ವರ್ಷದ ಅತ್ಯುತ್ತಮ ಆಟಗಾರ) ಆದವನನ್ನೂ ಕಾಯಿಸಿದರು. 2022ರ ಆಗಸ್ಟ್ 31ರಂದು ಅವನೊಬ್ಬನಿಗಾಗಿಯೇ ಸಮಾರಂಭ ಮಾಡಿ, ಡಿಗ್ರಿ ಕೊಟ್ಟು, 30ನೇ ನಂಬರನ್ನು ಮೇಲೇರಿಸಿದರು. ಮೆಕಿಲಪ್ ಅದೇ ಬೇಸಿಗೆಯಲ್ಲಿ ನಿವೃತ್ತರಾಗಿದ್ದರು.

“ಕಾಲೇಜಲ್ಲಿ ಎಷ್ಟು ದುಡ್ಡು ಸಿಕ್ತು?”

ಸ್ಕಾಲರ್‌ಶಿಪ್ ಬಿಟ್ಟರೆ ಏನಿಲ್ಲ. ಆಗಿನ ನಿಯಮದಲ್ಲಿ ಜಾಹೀರಾತಿನ ಹಣ ತೆಗೆದುಕೊಳ್ಳುವ ಹಾಗೇ ಇರಲಿಲ್ಲ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ಸಂಪಾದಿಸಬಹುದು. ಇದರಿಂದ ಪುಟ್ಟ ಕಾಲೇಜುಗಳಿಗೆ ಒಳ್ಳೆ ಹುಡುಗರನ್ನು ಉಳಿಸಿಕೊಳ್ಳುವುದು ಕಷ್ಟವಾಗಿದೆ. ಇವತ್ತಿನ ಕರ್ರಿ ಎರಡನೇ ವರ್ಷದ ಆ ಮಾರ್ಚ್ ಆದ ಮೇಲೆ ಡೇವಿಡ್ಸನ್‌ನಲ್ಲೇ ಉಳಿಯುತ್ತಿದ್ದನಾ? ನನಗೆ ಅನುಮಾನ. 2025ರ ಮಾರ್ಚ್‌ನಲ್ಲಿ ಅವನೇ ಡೇವಿಡ್ಸನ್ ತಂಡಗಳಿಗೆ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್ ಆದ, ಸಂಬಳ ಇಲ್ಲದೆ.

“ನನ್ನ ಮಗ ದಿನಾ ಅರ್ಧ ಕೋರ್ಟಿಂದ ಎಸೀತಾನೆ. ಹೀಗೇ ಮಾಡಿದ್ರೆ ಕರ್ರಿ ಥರ ಆಗ್ತಾನಾ?”

ಭುಜ ನೋವು ಬರುತ್ತದೆ. ಹತ್ತು ವರ್ಷದ ಹುಡುಗ ದೊಡ್ಡವರ 7ನೇ ಸೈಜಿನ ಚೆಂಡು ಹಿಡಿದು ದೂರದಿಂದ ಎಸೆದರೆ ಸೊಂಟದಿಂದಲೇ ಎತ್ತಬೇಕಾಗುತ್ತದೆ. ಕರ್ರಿಯ ಅಪ್ಪ ಮೂರು ತಿಂಗಳು ಕೂತು ಬಿಡಿಸಿದ್ದು ಅದೇ ಅಭ್ಯಾಸ. 5ನೇ ಸೈಜಿನ ಚೆಂಡು ಕೊಡಿಸಿ. ರಿಂಗಿನಿಂದ ಎರಡು ಹೆಜ್ಜೆ ದೂರ ನಿಲ್ಲಿಸಿ. ಅಲ್ಲಿಂದ ಹತ್ತಕ್ಕೆ ಏಳು ಬಿದ್ದರೆ ಒಂದು ಹೆಜ್ಜೆ ಹಿಂದೆ. ನಮ್ಮ ಕೋರ್ಟಿನ ಥ್ರೀ ಗೆರೆ 6.75 ಮೀಟರ್, ಕರ್ರಿ ಕಾಲೇಜಿನಲ್ಲಿ ಹೊಡೆದದ್ದಕ್ಕಿಂತ ದೂರ. ಅದು ಎಲ್ಲೂ ಓಡಿಹೋಗಲ್ಲ.

“ಒಂದೇ ಮ್ಯಾಚ್ ನೋಡೋಕೆ ಟೈಮಿದೆ. ಯಾವುದು ನೋಡ್ಲಿ?”

ಜಾರ್ಜ್‌ಟೌನ್ ಪಂದ್ಯ. ಚೆಂಡನ್ನು ನೋಡಬೇಡಿ, ಅವನ ಕಾಲು ನೋಡಿ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಪಾದ ರಿಂಗಿನ ಕಡೆ ತಿರುಗಿ ನಿಂತಿರುತ್ತದೆ. ಹುಡುಗರು ಮೊದಲರ್ಧ ಓಡಿಸಿಬಿಡೋಣ ಅನ್ನುತ್ತಾರೆ. ನಾನು ಬಿಡಲ್ಲ. ಬರೀ ಐದು ಪಾಯಿಂಟಿನ ಆ ಅರ್ಧದಲ್ಲೂ ಅವನು ಅದೇ ಸ್ಕ್ರೀನ್ ಸುತ್ತುತ್ತಾನೆ, ಅದೇ ಮೂಲೆಗೆ ಅದೇ ವೇಗದಲ್ಲಿ ಓಡುತ್ತಾನೆ.